ಯಾವುದು ಕ್ಲಿಯರ್?

ಕಂಬ ಹತ್ತುವ ಕೆಲಸ ಬಿಟ್ಟು ಎರಡು ವರ್ಷವಾಯಿತು. ಮೊನ್ನೆ ಒಂದು ಕಾಗದ ಕೊಡಲೆಂದು ಕೊಳ್ಳೇಗಾಲದ ಕರೆಂಟ್ ಆಫೀಸಿಗೆ ಹೋಗಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಏಳೆಂಟು ಮಂದಿ ಅಂಗಳದಲ್ಲಿ ನಿಂತಿದ್ದರು. ಹೊಸ ಹೆಲ್ಮೆಟ್ಟು, ಹೊಸ ಬೆಲ್ಟು, ಇಸ್ತ್ರಿಯ ಗೆರೆ ಮಾಸದ ಯೂನಿಫಾರಂ. ಅವರಲ್ಲೊಬ್ಬ ನನ್ನ ಗುರುತು ಹಿಡಿದು, "ಸಾ, ಮೂವತ್ತು ವರ್ಸದ ಮೇಲೆ ಲೈನಲ್ಲಿ ಇದ್ದೋರು ನೀವು. ನಾವು ಮೊದ್ಲು ಏನ್ ಕಲೀಬೇಕು?" ಎಂದು ಕೇಳಿದ.

"ಒಂದು ಇಂಗ್ಲಿಷ್ ಪದ" ಎಂದೆ.

ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ವಿಷಯವೂ ಅದಾಗಿರಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಯಾವಾಗ ಲೈನ್‌ಮನ್ ಆದೆ, ಯಾವಾಗ ಮೇಸ್ತ್ರಿಯಾದೆ ಎಂಬುದೆಲ್ಲ ಸರ್ವೀಸ್ ರಿಜಿಸ್ಟರಿನಲ್ಲಿದೆ, ಇಲ್ಲಿ ಬೇಡ. ಆ ಪದ 'ಕ್ಲಿಯರ್'. ನಿಮಗೆಲ್ಲ ಗೊತ್ತಿರುವ ಪದವೇ. ನನಗೂ ಗೊತ್ತಿದೆ ಎಂದೇ ನಾನು ತುಂಬ ವರ್ಷ ಅಂದುಕೊಂಡಿದ್ದೆ.

ನನ್ನದು ಮಾಂಬಳ್ಳಿ. ಮೊದಲು ಕೆಲಸಕ್ಕೆ ಹಾಕಿದ್ದು ಯಳಂದೂರಿಗೆ, ಬಸಪ್ಪ ಮೇಸ್ತ್ರಿಗಳ ಕೈಕೆಳಗೆ. ಸಣ್ಣ ಆಳು, ದೊಡ್ಡ ದನಿ. ಮೂರನೆಯ ದಿನ ಬೆಳಿಗ್ಗೆ ಊರಾಚೆ ಗದ್ದೆ ಬಯಲಲ್ಲಿ ಒಂದು ತಂತಿ ಹರಿದಿತ್ತು. ಮೇಸ್ತ್ರಿಗಳು ಕಂಬದ ಬುಡದಲ್ಲಿ ಏಣಿ ಒರಗಿಸಿ, "ಲೇ ಪುಟ್ಟಸ್ವಾಮಿ, ಆಪೀಸ್‌ಗೋಗಿ ಎಲ್‌ಸಿ ತಕಂಡು ಬಾ" ಎಂದರು.

ಎಲ್‌ಸಿ ಅಂದರೆ ಏನು ಎಂದು ಕೇಳಲು ನಾಚಿಕೆ. ಸೈಕಲ್ ತುಳಿದುಕೊಂಡು ಹೋಗಿ, ಸೀದಾ ಸ್ಟೋರಿನ ಬಾಗಿಲಲ್ಲಿ ನಿಂತು, "ಮೇಸ್ತ್ರಿಗಳು ಒಂದು ಎಲ್‌ಸಿ ಕೊಡಿ ಅಂದ್ರು" ಎಂದೆ. ಸ್ಟೋರಿನವರು ಮುಖದಲ್ಲಿ ನಗು ತೋರಿಸದೆ, "ಎಲ್‌ಸಿ ಮುಗ್ದೋಗದೆ ಕಣಪ್ಪ. ಕೊಳ್ಳೇಗಾಲದ ಸ್ಟೋರಲ್ಲಿ ಕೇಳು, ದೊಡ್ಡದೇ ಕೊಡ್ತಾರೆ" ಎಂದರು. ನಾನು ಬಸ್ಸು ಹತ್ತಿದೆ. ದೊಡ್ಡದಾದರೆ ಬಸ್ಸಿನಲ್ಲಿ ತರುವುದು ಹೇಗೆ ಎಂಬ ಯೋಚನೆ ಬೇರೆ. ಗೋಣಿದಾರ ಬೇಕಾಗಬಹುದೆಂದು ದಾರಿಯಲ್ಲಿ ಒಂದು ತುಂಡು ಹೊಂಚಿಕೊಂಡೆ.

ಕೊಳ್ಳೇಗಾಲದ ಸ್ಟೋರಿನಲ್ಲಿದ್ದವರು ವಯಸ್ಸಾದವರು. ನನ್ನ ಕೈಯಲ್ಲಿದ್ದ ದಾರ ನೋಡಿದರು, ನನ್ನ ಮುಖ ನೋಡಿದರು. "ಎಲ್‌ಸಿ ಅನ್ನೋದು ಕಟ್ಕೊಂಡು ಓಗೋ ಸಾಮಾನಲ್ಲ ಮಗ. ಅದು ಬರೀ ಮಾತು. ಬೇಗ ಓಗು, ನಿಮ್ಮ ಮೇಸ್ತ್ರಿ ಕಾಯ್ತಾ ಇರ್ತಾರೆ" ಎಂದರು.

ಹಿಂತಿರುಗಿದಾಗ ಬಿಸಿಲು ನೆತ್ತಿ ದಾಟಿತ್ತು. ಮೇಸ್ತ್ರಿಗಳು ಏಣಿಯ ನೆರಳಲ್ಲಿ ಕೂತೇ ಇದ್ದರು. ಮೂರು ಊರಿಗೆ ಕರೆಂಟಿಲ್ಲ, ಜನ ಬಂದು ಬೈದು ಹೋಗಿದ್ದಾರೆ. ನನ್ನ ಹಿಂದೆಯೇ ಇನ್ನೊಬ್ಬನನ್ನು ಕಳಿಸಬಹುದಿತ್ತು, ಕಳಿಸಿರಲಿಲ್ಲ. ಎಲ್‌ಸಿ ಇಬ್ಬರ ಬಾಯಲ್ಲಿ ಓಡಾಡಿದರೆ ಕೊನೆಗೆ ಅದು ಯಾರದೆಂದು ಗೊತ್ತಾಗುವುದಿಲ್ಲ ಎಂಬುದು ಅವರ ಲೆಕ್ಕ. ನನಗೆ ಬೈಯಲೂ ಇಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು: "ಎಲ್‌ಸಿ ಅಂದ್ರೆ ಲೈನ್ ಕ್ಲಿಯರ್. ಈ ಲೈನಲ್ಲಿ ಕರೆಂಟಿಲ್ಲ, ನೀನು ಏಳೋಗಂಟ ಬುಡಾದೂ ಇಲ್ಲ ಅಂತ ಕರೆಂಟ್ ಸ್ಟೇಸನ್ನೋರು ಮಾತು ಕೊಡೋದು. ಕೆಲ್ಸ ಮುಗುದ್ಮೇಲೆ ನೀನೇ ಓಗಿ ಎಲ್‌ಸಿ ಕ್ಲಿಯರ್ ಅಂತ ಆ ಮಾತ ವಾಪಸ್ ಕೊಡ್ಬೇಕು. ತಿಳೀತಾ?"

ತಿಳಿಯಿತು ಎಂದೆ. ಲೈನ್ ಕ್ಲಿಯರ್ ಎಂದರೆ ಕಂಬ ಹತ್ತಬಹುದು. ಎಲ್‌ಸಿ ಕ್ಲಿಯರ್ ಎಂದರೆ ಕಂಬದಿಂದ ಇಳಿದಾಯಿತು, ಕರೆಂಟ್ ಬಿಡಬಹುದು. ಶುರುವಿಗೂ ಕೊನೆಗೂ ಒಂದೇ ಪದ! ಇದು ಅಂದು ನನಗೆ ಹೊಳೆಯಲಿಲ್ಲ. ಮೇಸ್ತ್ರಿಗಳಿಗೂ ಹೊಳೆದಿತ್ತೋ ಇಲ್ಲವೋ. ಅವರ ಕಾಲದಲ್ಲಿ ಅದರಿಂದ ತೊಂದರೆಯಾಗಲಿಲ್ಲ, ಯಾಕೆಂದರೆ ಎಲ್‌ಸಿ ತರಲು ಒಬ್ಬ ಮನುಷ್ಯ ಖುದ್ದಾಗಿ ಹೋಗಬೇಕಿತ್ತು, ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ಮುಖ ನೋಡಿ ಆಡಿದ ಮಾತಿಗೆ ಎರಡು ಅರ್ಥ ಬರುವುದು ಕಡಿಮೆ.

ಆಮೇಲೆ ಈ ಪದ ನಮ್ಮ ಕೆಲಸದಲ್ಲೆಲ್ಲ ಹಬ್ಬಿತು. ಲೈನಿನ ಮೇಲೆ ಬಾಗಿದ ಕೊಂಬೆ ಕಡಿದರೆ ಮರ ಕ್ಲಿಯರ್. ಫ್ಯೂಸ್ ಕಟ್ಟಿದರೆ ಫಾಲ್ಟ್ ಕ್ಲಿಯರ್. ಮಳೆ ನಿಂತರೆ ಮೋಡ ಕ್ಲಿಯರ್. ವೈರ್‌ಲೆಸ್ ಸೆಟ್ಟಿನಲ್ಲಿ ಮಾತು ಕೇಳಿಸಿದರೆ ಅದೂ ಕ್ಲಿಯರ್. ಊರಿನವರೂ ಕಲಿತರು. ಕರೆಂಟ್ ಹೋದ ಕೂಡಲೇ ಫೋನು ಮಾಡಿ, "ನಮ್ದು ಯಾವಾಗ ಕ್ಲಿಯರ್ ಮಾಡೀರಿ?" ಎನ್ನುವರು.

ಯಳಂದೂರಿನಲ್ಲಿ ಒಬ್ಬ ಇಂಜಿನಿಯರ್ ಬಂದರು. ಸಂಜೆ ಐದಕ್ಕೆ ದೂರಿನ ಪುಸ್ತಕ ಬಿಚ್ಚಿದರೆ ಪ್ರತಿ ಸಾಲಿನ ತುದಿಯಲ್ಲೂ 'ಕ್ಲಿಯರ್' ಎಂದಿರಬೇಕು, ಇಲ್ಲದಿದ್ದರೆ ಎಲ್ಲರೆದುರು ನಿಲ್ಲಿಸಿ ಮಾತಾಡುತ್ತಿದ್ದರು. ಹೀಗಾಗಿ ನಾವು ಕೆಲಸ ಆದರೂ ಕ್ಲಿಯರ್ ಎಂದು ಬರೆದೆವು, ನಾಳೆ ಮಾಡುತ್ತೇವೆ ಎಂದರೂ ಕ್ಲಿಯರ್ ಎಂದೇ ಬರೆದೆವು.

ಮಾಂಬಳ್ಳಿಯಲ್ಲಿ ಕೆಂಪಮ್ಮ ಎಂಬ ಮುದುಕಿ ಇದ್ದರು, ನನ್ನ ಅವ್ವನ ಗೆಳತಿ. ಅವರ ಕೊಟ್ಟಿಗೆಯ ಮೇಲೆ, ಕಂಬದಿಂದ ಮನೆಗೆ ಹೋಗುವ ಸರ್ವೀಸ್ ವೈರು ಜೋತುಬಿದ್ದಿತ್ತು. ಮೂರು ಸಲ ಆಫೀಸಿಗೆ ಬಂದು ಬರೆಸಿದ್ದರು, ಮೂರು ಸಲವೂ ನಾನೇ ಕ್ಲಿಯರ್ ಎಂದು ಬರೆದಿದ್ದೆ. ನಾಲ್ಕನೆಯ ಸಲ ಬಂದವರು ನನ್ನ ಮೇಜಿನ ಮುಂದೆ ನಿಂತು ಪುಸ್ತಕದ ಮೇಲೆ ಬೆರಳಿಟ್ಟರು.

"ಇಲ್ಲಿ ಏನಂತ ಬರ್ದಿದ್ದೀಯಪ್ಪ?"

"ಕ್ಲಿಯರ್ ಅಂತ."

"ಅಂಗಂದ್ರೆ?"

"ಆಯ್ತು ಅಂತ, ಕೆಂಪವ್ವ."

"ಏನಾಯ್ತು? ತಂತಿ ಅಲ್ಲೇ ಅದೆ, ಕೊಟ್ಟಿಗೆ ಅಲ್ಲೇ ಅದೆ, ಎಮ್ಮೆ ಅಲ್ಲೇ ಅದೆ. ಆಗಿರೋದು ಏನು ಅಂತ ವಸಿ ಬುಡ್ಸಿ ಏಳು."

ಪುಸ್ತಕ ಮುಚ್ಚಿ, ಏಣಿ ಹೊತ್ತುಕೊಂಡು ಅವರ ಜೊತೆಯಲ್ಲೇ ಹೊರಟೆ. ವೈರನ್ನು ಎಳೆದು ಕಟ್ಟಲು ಒಂದು ಗಂಟೆ ಹಿಡಿಯಿತು, ಅಷ್ಟೇ. ಅಂದಿನಿಂದ ದೂರಿನ ಪುಸ್ತಕದಲ್ಲಿ 'ವೈರು ಎಳೆದು ಕಟ್ಟಿದೆ', 'ಫ್ಯೂಸು ಬದಲಿಸಿದೆ', 'ಇನ್ನೂ ಆಗಿಲ್ಲ' ಎಂದು ಬರೆಯತೊಡಗಿದೆ. ಇಂಜಿನಿಯರ್ ಸಾಹೇಬರು ಎರಡು ವಾರ ಎಲ್ಲರೆದುರು ನಿಲ್ಲಿಸಿದರು, ನಿಂತೆ. ಆದರೆ ಬುದ್ಧಿ ಬಂದದ್ದು ಪುಸ್ತಕದ ಮಟ್ಟಿಗೆ ಮಾತ್ರ. ಬಾಯಲ್ಲಿ ಆ ಪದ ಹಾಗೇ ಉಳಿದಿತ್ತು.

ಅದು ಪೆಟ್ಟು ಕೊಟ್ಟಿದ್ದು ಹನೂರಿನಲ್ಲಿ.

ಆ ಹೊತ್ತಿಗೆ ಮೊಬೈಲ್ ಬಂದಿತ್ತು. ಎಲ್‌ಸಿ ಪುಸ್ತಕ ಸ್ಟೇಷನ್ನಿನ ಮೇಜಿನ ಮೇಲೆ ಇತ್ತು, ಆದರೆ ಇಪ್ಪತ್ತು ಮೈಲಿಯಾಚೆಯ ಕಂಬದಿಂದ ಸಹಿ ಹಾಕಲು ಬರುವವರು ಯಾರು? ಫೋನಿನಲ್ಲೇ ಕೇಳುತ್ತಿದ್ದೆವು, ಫೋನಿನಲ್ಲೇ ವಾಪಸ್ ಕೊಡುತ್ತಿದ್ದೆವು. ಸ್ಟೇಷನ್ನಿನಲ್ಲಿ ಸ್ವಿಚ್ಚು ಹಾಕಿ ತೆಗೆಯುವ ಆಪರೇಟರ್ ಮುರುಗೇಶ. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಕೆಲಸದಲ್ಲಿ ಕಟ್ಟುನಿಟ್ಟು. ನನ್ನ ಜೊತೆ ಕಂಬ ಹತ್ತುತ್ತಿದ್ದವನು ಶಿವಮಲ್ಲು. ನನಗಿಂತ ಎರಡು ವರ್ಷ ಚಿಕ್ಕವನು. ಹದಿನಾಲ್ಕು ವರ್ಷ ಒಂದೇ ಏಣಿಯ ಎರಡು ತುದಿ ಹೊತ್ತು ನಡೆದಿದ್ದೆವು.

ಅವತ್ತು ಬೆಟ್ಟದ ರಸ್ತೆಯ ಪಕ್ಕದಲ್ಲಿ ಎರಡು ಕೆಲಸ. ಹುಣಸೆಮರದ ಕೊಂಬೆಗಳು ಹನ್ನೊಂದು ಸಾವಿರ ವೋಲ್ಟಿನ ಲೈನಿಗೆ ತಾಗುತ್ತಿದ್ದವು, ಅವನ್ನು ಕಡಿಯಬೇಕು. ಅದರ ಮುಂದಿನ ಕಂಬದಲ್ಲಿ ತಂತಿ ಹೊತ್ತ ಪಿಂಗಾಣಿ ಒಡೆದಿತ್ತು, ಅದನ್ನು ಬದಲಿಸಬೇಕು. ಮರ ಕಡಿಯಲು ನಾಗರಾಜು ಬಂದಿದ್ದ. ನಾನು ಮುರುಗೇಶನಿಗೆ ಫೋನು ಮಾಡಿದೆ, ಅವನು ಲೈನ್ ಆಫ್ ಮಾಡಿ ಎಲ್‌ಸಿ ಕೊಟ್ಟ.

ಇನ್ನು ಅರ್ತ್ ಹಾಕಬೇಕು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಕೆಲಸ ಮಾಡುವ ಜಾಗದ ಎರಡೂ ಕಡೆ ಮೂರು ತಂತಿಗಳಿಗೂ ಕೊಕ್ಕೆ ಹಾಕಿ, ಅದರ ಕೇಬಲ್ಲನ್ನು ನೆಲಕ್ಕೆ ನೆಟ್ಟ ಕಂಬಿಗೆ ಸೇರಿಸುವುದು. ಯಾರಾದರೂ ತಪ್ಪಿ ಕರೆಂಟ್ ಬಿಟ್ಟರೂ ಅದು ಮನುಷ್ಯನ ಹತ್ತಿರ ಬರದೆ ನೆಲಕ್ಕೆ ಇಳಿಯುತ್ತದೆ, ಸ್ಟೇಷನ್ನಿನ ಸ್ವಿಚ್ಚು ತಾನೇ ಬೀಳುತ್ತದೆ. ಕೆಲಸ ಹೆಚ್ಚು, ಅರ್ಧ ಗಂಟೆ ಹಿಡಿಯುತ್ತದೆ. ಅವತ್ತು ಪಂಪ್‌ಸೆಟ್ಟಿಗೆ ಕರೆಂಟ್ ಕೊಡುವ ಹೊತ್ತು ಹತ್ತಿರವಾಗಿತ್ತು. ನಾನು, "ಎಲ್‌ಸಿ ಕ್ಲಿಯರ್ ಅದೆ, ಮುರುಗೇಶ ನಂಬಿಕಸ್ಥ. ಅರ್ತ್ ಬ್ಯಾಡ ಬುಡು ಮಲ್ಲು, ಬೇಗ ಮುಗ್ಸುವ" ಎಂದೆ.

ಶಿವಮಲ್ಲು ಬೆಲ್ಟು ಕಟ್ಟಿಕೊಳ್ಳುತ್ತಿದ್ದವನು ನಿಲ್ಲಿಸಿದ. "ನೀನು ಕೆಳ್ಗೆ ನಿಂತಿರ್ತೀಯ. ಅತ್ತೋನು ನಾನು. ಅರ್ತ್ ಆಕ್ದೆ ನಾ ಅತ್ತಕಿಲ್ಲ ಕಣ್ಲಾ."

"ಮೇಸ್ತ್ರಿ ನಾನೋ ನೀನೋ?"

"ನೀನೇ ಕಣಪ್ಪ. ಅಂಗಾದ್ರೆ ನೀನೇ ಅತ್ತು."

ಸಿಟ್ಟಿನಲ್ಲಿ ನಾನೇ ಒಂದು ಕಡೆ ಅರ್ತ್ ಹಾಕಿದೆ, ಅವನು ಇನ್ನೊಂದು ಕಡೆ ಹಾಕಿದ. ನಾಗರಾಜು ಮರದ ಕೆಲಸ ಮುಗಿಸಿದ. ಶಿವಮಲ್ಲು ಕಂಬ ಹತ್ತಿ ಹಳೇ ಪಿಂಗಾಣಿ ಬಿಚ್ಚತೊಡಗಿದ. ಅಷ್ಟರಲ್ಲಿ ಮುರುಗೇಶನ ಫೋನು.

"ಎಷ್ಟೊತ್ತಣ್ಣಾ? ಇಲ್ಲಿ ರೈತ್ರು ಬಂದು ಬಾಗ್ಲಲ್ಲೇ ಕೂತವ್ರೆ."

"ಮರದ್ದು ಕ್ಲಿಯರ್ ಆಯ್ತು ಕಣಪ್ಪ. ಪಿಂಗಾಣಿ ಒಂದು ಅದೆ, ಇನ್ನು ಅರ್ಧ ಗಂಟೆ" ಎಂದೆ.

ಕಾಡಂಚಿನ ಸಿಗ್ನಲ್ಲು. ಅವನಿಗೆ ಕೇಳಿಸಿದ್ದು ನಡುವಿನ 'ಕ್ಲಿಯರ್ ಆಯ್ತು ಕಣಪ್ಪ' ಎಂಬ ತುಂಡು ಮಾತ್ರ. ಖಚಿತಪಡಿಸಿಕೊಳ್ಳಲು ಅವನು, "ಕ್ಲಿಯರಾ ಅಣ್ಣಾ?" ಎಂದ. ದನಿ ಗೊರಗೊರ ಅನ್ನುತ್ತಿತ್ತು. ನನ್ನ ಮಾತು ಸರಿಯಾಗಿ ಕೇಳಿಸುತ್ತಿದೆಯಾ ಎಂದು ಕೇಳುತ್ತಿದ್ದಾನೆ ಅಂದುಕೊಂಡೆ. "ಊಂ, ಕ್ಲಿಯರ್, ಕ್ಲಿಯರ್" ಎಂದೆ. ಫೋನು ಕಟ್ಟಾಯಿತು.

ಒಂದು ನಿಮಿಷವೂ ಆಗಿರಲಿಲ್ಲ. ಮದ್ದು ಸಿಡಿದಂಥ ಶಬ್ದ. ಹುಣಸೆಮರದ ಬುಡದಲ್ಲಿ ಅರ್ತ್ ಕಂಬಿ ನೆಟ್ಟಿದ್ದ ಕಡೆ ನೀಲಿ ಬೆಳಕು ಹಾರಿ ಹುಲ್ಲು ಹೊತ್ತಿಕೊಂಡಿತು. ತಲೆಯೆತ್ತಿ ನೋಡಿದೆ. ಶಿವಮಲ್ಲು ಎರಡೂ ಕೈಗಳಲ್ಲಿ ಕಂಬ ತಬ್ಬಿಕೊಂಡು ಕಣ್ಣು ಮುಚ್ಚಿದ್ದ. ಬದುಕಿದ್ದಾನೋ ಇಲ್ಲವೋ ಗೊತ್ತಾಗಲಿಲ್ಲ. "ಮಲ್ಲೂ!" ಎಂದು ಕೂಗಿದೆ, ನನ್ನ ದನಿ ನನಗೇ ಕೇಳಿಸಲಿಲ್ಲ. ಅವನು ಕಣ್ಣು ಬಿಟ್ಟ.

ಆಗ ಕೈಯಲ್ಲಿದ್ದ ಫೋನು ಮತ್ತೆ ಬಡಿದುಕೊಂಡಿತು. ಮುರುಗೇಶ.

"ಲೈನ್ ಹಾಕ್ದೆ, ಫೀಡರ್ ಟ್ರಿಪ್ ಆಗಿ ಸ್ವಿಚ್ಚು ಬಿತ್ತಣ್ಣಾ. ಇನ್ನೊಂದ್ ಸಲ ಹಾಕಿ ನೋಡ್ಲಾ?"

"ಬ್ಯಾಡ! ಮುಟ್ಬ್ಯಾಡ! ಮಲ್ಲು ಮೇಲವ್ನೆ! ಮೇಲವ್ನೆ ಕಣೋ!"

ಆ ಕಡೆಯಿಂದ "ಅಯ್ಯೋ ಮುರುಗಾ" ಎಂಬ ಒಂದೇ ಮಾತು ಕೇಳಿತು. ಶಿವಮಲ್ಲು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದ. ನೆಲ ಮುಟ್ಟಿದವನು ಬೆಲ್ಟು ಬಿಚ್ಚಿ, ಸುತ್ತಿ, ಚೀಲದಲ್ಲಿಟ್ಟ. ನನ್ನ ಕಡೆ ನೋಡಲೇ ಇಲ್ಲ. ರಸ್ತೆಗೆ ಹೋಗಿ, ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹೊರಟುಹೋದ. ನಾನೂ ನಾಗರಾಜೂ ಹುಲ್ಲಿನ ಬೆಂಕಿ ಆರಿಸಿದೆವು. ಪಿಂಗಾಣಿ ಹಾಕಲು ನಾನೇ ಕಂಬ ಹತ್ತಿದೆ.

ಮೂರನೆಯ ದಿನ ವಿಚಾರಣೆ. ಮೇಲಿನ ಇಂಜಿನಿಯರ್ ಒಬ್ಬರು ಹೆಣ್ಣುಮಗಳು, ನಾವು ಮೇಡಂ ಎನ್ನುತ್ತಿದ್ದೆವು. ಮುರುಗೇಶ ತನ್ನ ಪುಸ್ತಕ ತಂದಿದ್ದ. ನಾನು ಎಲ್‌ಸಿ ವಾಪಸ್ ಕೊಟ್ಟೆನೆಂದು ಗಂಟೆ, ನಿಮಿಷದ ಸಮೇತ ಬರೆದಿದ್ದ. ಒಳಗೆ ಹೋಗುವ ಮುಂಚೆ ಬಾಗಿಲ ಹತ್ತಿರ ನನ್ನನ್ನು ತಡೆದ. ಮೂರು ದಿನ ನಿದ್ದೆಯಿಲ್ಲದ ಮುಖ.

"ಅಣ್ಣಾ, ಬೇರೆ ಏನೂ ಬೇಡ. ನೀವು ಕ್ಲಿಯರ್ ಅಂದ್ರಾ ಇಲ್ವಾ? ಅದೊಂದು ಹೇಳಿ. ನಾನೇ ಹುಚ್ಚನಾಗಿದ್ದೀನಾ ಅಂತ ಅನ್ಸುತ್ತೆ."

ನಾನು ಇಲ್ಲ ಎಂದಿದ್ದರೆ ಮುಗಿದಿತ್ತು. ಫೋನಿನ ಮಾತಿಗೆ ಸಾಕ್ಷಿಯಿಲ್ಲ. ಮಾತಿಲ್ಲದೆ ಲೈನ್ ಹಾಕಿದ ಆಪರೇಟರ್ ಎಂದು ಅವನ ಕೆಲಸ ಹೋಗುತ್ತಿತ್ತು. ಒಳಗೆ ಹೋಗಿ ಮೇಡಂ ಎದುರು, "ಅಂದೆ ಮೇಡಂ. ಮೂರು ಸಲ ಅಂದೆ. ಒಂದು ಸಲ ಮರದ ವಿಷಯಕ್ಕೆ, ಎರಡು ಸಲ ಫೋನಿನ ವಿಷಯಕ್ಕೆ. ಲೈನಿನ ವಿಷಯಕ್ಕೆ ಒಂದು ಸಲವೂ ಅನ್ನಲಿಲ್ಲ" ಎಂದೆ. ಉಳಿದದ್ದನ್ನೂ ಹೇಳಿದೆ: ಅರ್ತ್ ಬೇಡ ಎಂದವನು ನಾನು, ಶಿವಮಲ್ಲು ಬಗ್ಗದೇ ಇದ್ದದ್ದರಿಂದ ಬದುಕಿದ.

ಮೇಡಂ ಬೈಯುತ್ತಾರೆಂದು ಕಾದೆ. ಅವರು ಎರಡು ಕುರ್ಚಿ ಹಾಕಿಸಿ ನಮ್ಮಿಬ್ಬರನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರು. ಅಂದಿನ ಮಾತನ್ನು ಹಾಗೇ ಆಡಿಸಿದರು. ಆಡಿದೆವು. ಇನ್ನೊಂದು ಸಲ ಎಂದರು. ಎರಡನೆಯ ಸಲ ನಡುವೆ ಕೈಯೆತ್ತಿ, "ನಿಲ್ಸಿ. ಈಗ ಯಾವುದು ಕ್ಲಿಯರ್?" ಎಂದು ಕೇಳಿದರು. ನಾನೂ ಮುರುಗೇಶನೂ ಒಟ್ಟಿಗೆ ಬಾಯಿ ಬಿಟ್ಟು ಬೇರೆ ಬೇರೆ ಉತ್ತರ ಹೇಳಿದೆವು. ಮೇಡಂ ಪೆನ್ನು ಕೆಳಗಿಟ್ಟರು.

"ಇವತ್ತಿಂದ ಫೋನಲ್ಲಿ ಈ ಪದ ಬೇಡ. ಏನಾಗಿದೆಯೋ ಅದನ್ನ ಕನ್ನಡದಲ್ಲಿ ಬಿಡಿಸಿ ಹೇಳಿ."

ಅಲ್ಲೇ ಕೂತು ಮೂವರೂ ಸೇರಿ ಮಾತುಗಳನ್ನು ಗೊತ್ತುಮಾಡಿದೆವು. ಆಪರೇಟರ್ ಹೇಳಬೇಕಾದ್ದು: 'ಇಂಥ ಲೈನ್ ಆಫ್ ಮಾಡಿದ್ದೇನೆ, ನೀವು ಹೇಳುವತನಕ ಹಾಕುವುದಿಲ್ಲ.' ನಾವು ಹೇಳಬೇಕಾದ್ದು: 'ಕೆಲಸ ಮುಗಿಯಿತು, ಅರ್ತ್ ತೆಗೆದಿದ್ದೇವೆ, ಇಷ್ಟು ಜನ ಬಂದಿದ್ದೆವು, ಇಷ್ಟೂ ಜನ ಕೆಳಗಿದ್ದೇವೆ, ಲೈನ್ ಕೊಡಿ.' ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ಒಂದು ಶಬ್ದ ನುಂಗಿಹೋದರೂ ಮೊದಲಿಂದ. ಜನರ ಲೆಕ್ಕ ಸೇರಿಸಿದ್ದು ಮುರುಗೇಶ.

ನನಗೆ ಮೆಮೊ ಬಂತು. ಸರ್ವೀಸ್ ರಿಜಿಸ್ಟರಿನಲ್ಲಿ ಅದೂ ಇದೆ. ಬಂದದ್ದು ನ್ಯಾಯವಾಗಿಯೇ ಬಂತು.

ಶಿವಮಲ್ಲು ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಹನೂರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ಟೀ ಕುಡಿಯುತ್ತಿದ್ದಾಗ ಬಂದು ಎದುರು ಕೂತ. "ಅರ್ತ್ ಬ್ಯಾಡ ಅಂದದ್ದ ನೀನೇ ಮೇಡಂಗೆ ಏಳ್ದಂತೆ?" ಎಂದ.

"ಊಂ."

"ನಾ ಯಾರ್ಗೂ ಏಳಿರ್ನಿಲ್ಲ ಕಣ್ಲಾ. ಏಳ್ತಾನೂ ಇರ್ನಿಲ್ಲ" ಎಂದು, ನನ್ನ ಲೋಟದಿಂದ ಅರ್ಧ ಟೀ ಸಾಸರಿಗೆ ಬಗ್ಗಿಸಿಕೊಂಡ. ಅಲ್ಲಿಗೆ ಆ ವಿಷಯ ಮುಗಿಯಿತು. ಆಮೇಲೂ ಅವನೂ ನಾನೂ ಏಳು ವರ್ಷ ಒಟ್ಟಿಗೆ ಏಣಿ ಹೊತ್ತೆವು.

ಹೊಸ ಮಾತುಗಳನ್ನು ನೋಡಿ ನಕ್ಕವರಿದ್ದರು. "ಏನ್ ಸಾ, ಫೋನಲ್ಲಿ ಜನಗಣತಿ ಮಾಡ್ತೀರಾ?" ಎನ್ನುತ್ತಿದ್ದರು. ಒಂದು ಪದದ ಕಡೆ ಇಪ್ಪತ್ತು ಪದ ಆಡಬೇಕು, ನಿಜ. ಆಡಲು ಕಾಲು ನಿಮಿಷ ಸಾಕು, ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಈಗ ಪ್ರತಿ ಎಲ್‌ಸಿಗೂ ನಿಮಗೆ ಒಂದು ನಂಬರು ಬರುತ್ತದೆ, ಮೊಬೈಲಿನಲ್ಲಿ ಕೆಲಸದ ಫೋಟೊ ಹಾಕಬೇಕು, ಒಳ್ಳೆಯದೇ. ಆದರೂ ಕೊನೆಗೆ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಬಾಯಲ್ಲಿ ಹೇಳುವ ಗಳಿಗೆ ಒಂದು ಇದ್ದೇ ಇರುತ್ತದೆ. ಆ ಗಳಿಗೆಯಲ್ಲಿ ನಿಮ್ಮ ಮೇಲೆ ಒತ್ತಡ ಹಾಕುವವರು ಬಹಳ ದೊಡ್ಡವರೇ ಆಗಿರಬಹುದು. ಅಂಥದೊಂದನ್ನು ಹೇಳಿ ಮುಗಿಸುತ್ತೇನೆ.

ನಿವೃತ್ತಿಗೆ ಒಂದು ವರ್ಷ ಇತ್ತು. ಕೊಳ್ಳೇಗಾಲದಲ್ಲಿ ಒಂದು ದೊಡ್ಡ ಸಮಾರಂಭ. ಮಧ್ಯಾಹ್ನ ಮೂರಕ್ಕೆ ಅತಿಥಿಗಳು ಬರಬೇಕು, ಎರಡೂವರೆಗೆ ಆ ಬೀದಿಯ ಲೈನಿನಲ್ಲಿ, ಕಂಬದ ಮೇಲೆ ಎರಡು ತಂತಿಗಳನ್ನು ಸೇರಿಸುವ ಜಂಪರ್ ತುಂಡು ಸುಟ್ಟುಹೋಯಿತು. ನಾನೂ ಸವಿತಾ ಎಂಬ ಹೆಣ್ಣುಮಗಳೂ ಹೋದೆವು. ಸವಿತಾ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು, ಎರಡು ಮಕ್ಕಳ ತಾಯಿ, ಕಂಬ ಹತ್ತುವುದರಲ್ಲಿ ನಮ್ಮ ಸೆಕ್ಷನ್ನಿನಲ್ಲೇ ಚುರುಕು. ಲೈನ್ ಆಫ್ ಮಾಡಿಸಿ, ಅರ್ತ್ ಹಾಕಿದೆವು. ಅವಳು ಹತ್ತಿದಳು. ಕೆಳಗೆ ಜನ ಸೇರಿದರು. ಬಿಳಿ ಅಂಗಿಯವರು ಒಬ್ಬರಾದ ಮೇಲೊಬ್ಬರು ಬಂದು ಗಡಿಯಾರ ತೋರಿಸಿ ಹೋದರು. ನನ್ನ ಫೋನು ಬಡಿದುಕೊಂಡಿತು. ಮೈಸೂರಿನಿಂದ ನಮ್ಮ ಇಂಜಿನಿಯರರಿಗೂ ಮೇಲಿನ ಸಾಹೇಬರು, ನನ್ನಂಥವನಿಗೆ ನೇರವಾಗಿ ಫೋನು ಮಾಡಬೇಕಾದವರೇ ಅಲ್ಲ.

"ಕ್ಲಿಯರ್ ಆಯ್ತೇನ್ರೀ?"

"ಒಬ್ರು ಮೇಲಿದ್ದಾರೆ ಸಾ."

"ಅದಲ್ಲ ಕೇಳಿದ್ದು. ಸ್ಟೇಷನ್ನಿನೋರು ಇನ್ನೊಂದು ಲೈನಲ್ಲಿದ್ದಾರೆ, ಅವರಿಗೆ ಹೇಳ್ಬೇಕು. ಕ್ಲಿಯರಾ ಇಲ್ವಾ?"

"ಒಬ್ರು ಮೇಲಿದ್ದಾರೆ ಸಾ."

"ರೀ, ನಾನ್ಯಾರು ಗೊತ್ತೇನ್ರೀ? ಒಂದೇ ಮಾತಲ್ಲಿ ಹೇಳಿ!"

"ಗೊತ್ತು ಸಾ. ನಮ್ಮ ಕಡೆಯೋರು ಒಬ್ರು ಇನ್ನೂ ಕಂಬದ ಮೇಲಿದ್ದಾರೆ."

ನನಗೆ ಹೆದರಿಕೆಯಾಗಲಿಲ್ಲ. ಆ ಉತ್ತರ ಬಿಟ್ಟು ಬೇರೆ ಯಾವ ಉತ್ತರವೂ ನನ್ನ ಹತ್ತಿರ ಇರಲಿಲ್ಲ. ಕೊನೆಗೆ ಅವರ ದನಿ ಬೇರೆಯಾಗಿ ಬಂತು: "ಸರಿ. ಅವರು ಇಳಿದ್ಮೇಲೆ ನೀವೇ ಸ್ಟೇಷನ್ನಿಗೆ ಹೇಳಿ. ನಾನು ನಡುವೆ ಬರಲ್ಲ."

ಸವಿತಾ ಇನ್ನೂ ಹನ್ನೆರಡು ನಿಮಿಷ ತೆಗೆದುಕೊಂಡಳು. ಅತಿಥಿಗಳು ಬಂದು ಸೆಕೆಯಲ್ಲಿ ಕೂತರು. ಅವಳು ಇಳಿದು, ಹೆಲ್ಮೆಟ್ ತೆಗೆದು, ಸೆರಗಿಲ್ಲದ ಯೂನಿಫಾರಂ ತೋಳಿನಲ್ಲೇ ಮುಖ ಒರೆಸಿಕೊಂಡಳು.

"ಯಾರಣ್ಣ ಅದು ಫೋನಲ್ಲಿ? ಭಾಳ ಹೊತ್ತು ಮಾತಾಡ್ತಿದ್ರಿ."

"ಮೈಸೂರಿಂದ ದೊಡ್ಡ ಸಾಹೇಬ್ರು ಕಣವ್ವ."

"ಏನಂತೆ?"

"ನೀನು ಇಳಿದ್ಯಾ ಅಂತ ಕೇಳ್ತಿದ್ರು."